ಕೈಯೊಳಗೊಂದು ಚಿಪ್: ಅದು ಮಾಡುವುದೇನು, ಮಾಡಲಾರದ್ದೇನು

2016ರ ನವೆಂಬರಿನಲ್ಲಿ 2,000 ರೂಪಾಯಿಯ ಹೊಸ ನೋಟು ಬಂದಾಗ ಅದರಲ್ಲಿ ನ್ಯಾನೋ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂಬ ಸುದ್ದಿ ಊರೂರಿಗೂ ಹಬ್ಬಿತ್ತು. ನಾಲ್ಕೈದು ವರ್ಷ ಕಳೆದ ಮೇಲೆ ಕೋವಿಡ್ ಲಸಿಕೆಯ ಬಗ್ಗೆಯೂ ಅಂಥದೇ ಮಾತು ಬಂತು. ಎರಡೂ ಸುಳ್ಳು. ಈ ಗದ್ದಲದಿಂದ ಆದ ನಷ್ಟವೆಂದರೆ, ಚರ್ಮದಡಿಯ ಚಿಪ್ ಎಂದೊಡನೆ ಅದನ್ನು ವಾಟ್ಸ್ಆ್ಯಪ್ ಕಟ್ಟುಕತೆಯೆಂದು ತಳ್ಳಿಹಾಕುವುದು ನಮಗೆ ಅಭ್ಯಾಸವಾಗಿಹೋಯಿತು. ಮನುಷ್ಯರ ಕೈಯೊಳಗೆ ಚಿಪ್ ಸೇರಿಸುವ ಕೆಲಸ 1998ರಿಂದಲೇ ನಡೆದಿದೆ. ಸ್ವೀಡನ್ನಿನಲ್ಲಿ ರೈಲು ಟಿಕೆಟ್ಟಾಗಿ, ಸ್ಪೇನಿನ ಒಂದು ಕ್ಲಬ್ಬಿನಲ್ಲಿ ಬಿಲ್ಲು ಕಟ್ಟಲು, ಅಮೆರಿಕದ ಒಂದು ಕಂಪನಿಯಲ್ಲಿ ಕಚೇರಿಯ ಬಾಗಿಲು ತೆರೆಯಲು ಜನ ಅದನ್ನು ಬಳಸಿದ್ದಾರೆ. ನಾಳೆ ಯಾರಾದರೂ ಬಂದು "ಪರ್ಸು ಬೇಡ, ಫೋನು ಬೇಡ, ಕೈ ಚಾಚಿದರೆ ಸಾಕು" ಎಂದರೆ ಏನು ಹೇಳಬೇಕು? ಹೂಂ ಎನ್ನಲಿ, ಉಹೂಂ ಎನ್ನಲಿ, ಅದಕ್ಕೆ ಮೊದಲು ಆ ವಸ್ತು ಕೆಲಸ ಮಾಡುವ ಬಗೆ ತಿಳಿದಿರಬೇಕು.

ಗಾಜಿನ ಕೊಳವೆಯೊಳಗೆ

ಈ ಚಿಪ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಒಂದು ಗಾಜಿನ ಕೊಳವೆ. ಅಕ್ಕಿಕಾಳಿನಷ್ಟು ಎಂದು ಮಾರುವವರು ಹೇಳುತ್ತಾರೆ. ನಮ್ಮ ಸೋನಾ ಮಸೂರಿಯ ಪಕ್ಕ ಇಟ್ಟು ನೋಡಿದರೆ ಅದು ಎರಡು ಕಾಳಿಗಿಂತಲೂ ಉದ್ದ. ಗಾಜು ದೇಹಕ್ಕೆ ಒಗ್ಗುವ ಬಗೆಯದು. ಒಳಗೆ ಸಾಸಿವೆಗಿಂತ ಚಿಕ್ಕದಾದ ಸಿಲಿಕಾನ್ ತುಣುಕು, ಒಂದು ಫೆರೈಟ್ ಕಡ್ಡಿ, ಅದಕ್ಕೆ ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಬ್ಯಾಟರಿ ಇಲ್ಲ.

ಬ್ಯಾಟರಿ ಇಲ್ಲದಿರುವುದೇ ಇಲ್ಲಿನ ಮುಖ್ಯ ಸಂಗತಿ. ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ. ಅಂಗಡಿಯಲ್ಲೋ ಬಾಗಿಲಲ್ಲೋ ಇರುವ ರೀಡರ್ ಎಂಬ ಯಂತ್ರದೊಳಗೆ ಇನ್ನೊಂದು ತಂತಿಸುರುಳಿ ಇರುತ್ತದೆ. ಅದರಲ್ಲಿ ವಿದ್ಯುತ್ ಹಿಂದೆಮುಂದೆ ಹರಿಯುತ್ತಿದ್ದಂತೆ ಸುತ್ತ ಕಾಂತಕ್ಷೇತ್ರವೊಂದು ಮಿಡಿಯುತ್ತದೆ. ಚಿಪ್ ಇರುವ ಕೈ ಹತ್ತಿರ ಬಂದಾಗ ಆ ಮಿಡಿತ ಚರ್ಮವನ್ನು ದಾಟಿ ಒಳಗಿನ ತಾಮ್ರದ ಸುರುಳಿಯಲ್ಲಿ ಒಂದಿಷ್ಟು ವಿದ್ಯುತ್ ಹುಟ್ಟಿಸುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ವ ಇದು. ನಮ್ಮ ಅಡುಗೆಮನೆಯ ಇಂಡಕ್ಷನ್ ಒಲೆ ನಡೆಯುವುದೂ ಇದರಿಂದಲೇ. ಆ ಒಂದು ಗುಟುಕು ವಿದ್ಯುತ್ತಿನಲ್ಲಿ ಚಿಪ್ ಎಚ್ಚೆತ್ತು ತನ್ನ ಸಂಖ್ಯೆಯನ್ನು ಹೇಳುತ್ತದೆ. ಕೈ ಹಿಂದಕ್ಕೆ ಸರಿದರೆ ಮತ್ತೆ ನಿದ್ದೆ.

ಮಾತಿಗೆ ಬೇಕಾದ ಕಂಪನಾಂಕವೂ ನಿಗದಿಯಾಗಿದೆ. ವಿದೇಶಕ್ಕೆ ಕರೆದೊಯ್ಯುವ ನಾಯಿಗೆ ಹಾಕಿಸುವ ಚಿಪ್ 134.2 ಕಿಲೋಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಮನುಷ್ಯರು ಈಗ ಹಾಕಿಸಿಕೊಳ್ಳುತ್ತಿರುವುದರಲ್ಲಿ ಹೆಚ್ಚಿನವು 13.56 ಮೆಗಾಹರ್ಟ್ಸ್‌ನವು, ಎನ್‌ಎಫ್‌ಸಿ ಎಂದು ಕರೆಯುವುದು ಇದನ್ನೇ. ಟ್ಯಾಪ್ ಮಾಡುವ ಡೆಬಿಟ್ ಕಾರ್ಡು, ಮೆಟ್ರೋ ಕಾರ್ಡು, ಫೋನು ಬಳಸುವುದೂ ಇದೇ ಕಂಪನಾಂಕ. ಕಾರ್ಡಿನೊಳಗಿನ ಸುರುಳಿ ಅಂಗೈ ಅಗಲ ಇರುವುದರಿಂದ ಮೂರ್ನಾಲ್ಕು ಸೆಂಟಿಮೀಟರ್ ದೂರದಿಂದ ಓದಿಸಿಕೊಳ್ಳುತ್ತದೆ. ಗಾಜಿನ ಕೊಳವೆಯ ಸುರುಳಿ ಪುಟ್ಟದು. ಅದನ್ನು ರೀಡರ್‌ಗೆ ಹೆಚ್ಚುಕಡಿಮೆ ತಾಗಿಸಿಯೇ, ಕೈಯನ್ನು ಅತ್ತಿತ್ತ ತಿರುಗಿಸಿ, ಸರಿಯಾದ ಕೋನ ಹುಡುಕಬೇಕು.

ಹಾಗಾಗಿ ಉಪಗ್ರಹಕ್ಕೆ ಇದು ಕಾಣಿಸುವ ಮಾತೇ ಇಲ್ಲ. ಜಿಪಿಎಸ್ ಎಂದರೆ ಉಪಗ್ರಹದ ಸಂಕೇತವನ್ನು ಹಿಡಿದು ತಾನಿರುವ ಜಾಗವನ್ನು ಲೆಕ್ಕ ಹಾಕುವ ಕೆಲಸ. ಆ ಲೆಕ್ಕವನ್ನು ಇನ್ನೊಬ್ಬರಿಗೆ ಕಳಿಸಲು ಮೊಬೈಲ್ ಜಾಲದಂಥದ್ದೂ ಬೇಕು. ಇದಕ್ಕೆಲ್ಲ ಬ್ಯಾಟರಿ ಬೇಕು, ಆಂಟೆನಾ ಬೇಕು. ನಿಮ್ಮ ಜೇಬಿನ ಫೋನು ಆ ಕೆಲಸವನ್ನು ಈಗಾಗಲೇ ಮಾಡುತ್ತಿದೆ, ಚಿಪ್ ಮಾಡಲಾರದು.

ನೆನಪಿನ ಜಾಗವೂ ಅಲ್ಪ. ಹವ್ಯಾಸಿಗಳಲ್ಲಿ ಜನಪ್ರಿಯವಾದ ಒಂದು ಚಿಪ್‌ನಲ್ಲಿ ಬಳಸಲು ಸಿಗುವುದು 888 ಬೈಟ್. ಕನ್ನಡದ ಒಂದು ಅಕ್ಷರಕ್ಕೆ ಕನಿಷ್ಠ 3 ಬೈಟ್ ಬೇಕು, ಅಂದರೆ ಈ ಪ್ಯಾರಾವನ್ನು ಬರೆದಿಡಲೂ ಅದರಲ್ಲಿ ಜಾಗ ಸಾಲದು. ನಿಮ್ಮ ಆಸ್ತಿ, ಆರೋಗ್ಯ, ಜಾತಕವೆಲ್ಲ ಚಿಪ್‌ನೊಳಗಿರುತ್ತದೆ ಎಂಬುದು ತಪ್ಪು ಕಲ್ಪನೆ. ಅಲ್ಲಿರುವುದು ಬಹುಮಟ್ಟಿಗೆ ಒಂದು ಸಂಖ್ಯೆ. ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಇದರ ಹತ್ತಿರದ ಬಂಧು. ಅದಕ್ಕೂ ಬ್ಯಾಟರಿ ಇಲ್ಲ, ಅದರಲ್ಲೂ ದುಡ್ಡಿಲ್ಲ. ಬೇರೆ ಕಂಪನಾಂಕದಲ್ಲಿ ನಡೆಯುವುದರಿಂದ ಅದನ್ನು ಕೆಲವು ಮೀಟರ್ ದೂರದಿಂದ ಓದಬಹುದು ಎಂಬುದೊಂದು ವ್ಯತ್ಯಾಸ. ದುಡ್ಡಿರುವುದು ಬ್ಯಾಂಕಿನ ಖಾತೆಯಲ್ಲಿ, ನೀವು ಯಾವ ಟೋಲ್ ಎಷ್ಟು ಗಂಟೆಗೆ ದಾಟಿದಿರಿ ಎಂಬ ದಾಖಲೆಯಿರುವುದು ಸರ್ವರ್‌ನಲ್ಲಿ.

ಚಿಂತೆ ಮಾಡಬೇಕಾದದ್ದು ಇಲ್ಲಿ. ಚಿಪ್ ತಾನಾಗಿ ಯಾರಿಗೂ ಏನನ್ನೂ ಹೇಳುವುದಿಲ್ಲ, ಆದರೆ ಅದನ್ನು ಓದಿದ ಪ್ರತಿಯೊಂದು ರೀಡರ್ ಸಮಯ, ಸ್ಥಳ, ಸಂಖ್ಯೆಯನ್ನು ಬರೆದಿಡಬಲ್ಲದು. ಕಚೇರಿಯ ಬಾಗಿಲು, ಕ್ಯಾಂಟೀನು, ಶೌಚಾಲಯದ ಓಣಿ, ಮೆಟ್ರೋ ಗೇಟು, ಔಷಧದಂಗಡಿ ಎಲ್ಲ ಕಡೆಯೂ ಒಂದೇ ಸಂಖ್ಯೆ ಓದಿಸಿಕೊಂಡರೆ ಒಬ್ಬ ಮನುಷ್ಯನ ದಿನಚರಿಯನ್ನು ಸರ್ವರ್ ಮುಂದೆ ಕುಳಿತು ಓದಬಹುದು. ಇಷ್ಟಕ್ಕೆ ಉಪಗ್ರಹ ಬೇಕಾಗಿಲ್ಲ.

ಸೂಜಿ ಮತ್ತು ಗಾಯ

ಚಿಪ್ ಹಾಕುವ ಜಾಗ ಸಾಮಾನ್ಯವಾಗಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮೆತ್ತನೆಯ ಚರ್ಮ. ಇಂಜೆಕ್ಷನ್ ಸೂಜಿಗಿಂತ ಬಹಳ ದಪ್ಪದ, ಪಶುವೈದ್ಯರು ಬಳಸುವಂಥ ಸೂಜಿಯಿಂದ ಅದನ್ನು ಚರ್ಮದ ಕೆಳಗೆ, ಸ್ನಾಯುವಿನ ಮೇಲೆ ತಳ್ಳುತ್ತಾರೆ. ಕೆಲವು ಸೆಕೆಂಡುಗಳ ಕೆಲಸ. ಗಾಯ ಮಾಯಲು ಒಂದೆರಡು ವಾರ. ತೆಗೆಯಬೇಕಾದರೆ ಚಿಕ್ಕದಾಗಿ ಕೊಯ್ಯಬೇಕು. ಪ್ರಾಣಿಗಳ ಚಿಪ್‌ಗೆ ಅತ್ತಿತ್ತ ಸರಿಯದಂತೆ ಅಂಟು ಲೇಪ ಇರುವುದುಂಟು. ಮನುಷ್ಯರ ಚಿಪ್‌ಗೆ ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ, ಲೇಪವಿದ್ದರೆ ಸುತ್ತಲಿನ ಮಾಂಸ ಅದಕ್ಕೆ ಬೆಸೆದುಕೊಂಡು ತೆಗೆಯುವುದು ಕಷ್ಟವಾಗುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2004ರಲ್ಲಿ ವೆರಿಚಿಪ್ ಎಂಬ ಉತ್ಪನ್ನಕ್ಕೆ ಒಪ್ಪಿಗೆ ಕೊಟ್ಟಾಗ ಅಪಾಯಗಳ ಪಟ್ಟಿಯನ್ನೂ ಕೊಟ್ಟಿತ್ತು. ಅಂಗಾಂಶ ಕೆರಳುವುದು, ಚಿಪ್ ಜಾಗ ಬದಲಿಸುವುದು, ಎಂಆರ್‌ಐ ಯಂತ್ರದೊಂದಿಗೆ ಹೊಂದದಿರುವುದು, ಮಾಹಿತಿಯ ಸುರಕ್ಷತೆ ಕೆಡುವುದು ಅದರಲ್ಲಿದ್ದವು. ಪ್ರಯೋಗಾಲಯದ ಇಲಿಗಳಲ್ಲಿ ಚಿಪ್ ಸುತ್ತ ಗಡ್ಡೆಗಳು ಬೆಳೆದಿದ್ದ ಹಳೆಯ ಅಧ್ಯಯನಗಳನ್ನು 2007ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಹೊರಗೆಳೆದಾಗ ದೊಡ್ಡ ಚರ್ಚೆಯಾಯಿತು. ಇಲಿಗೆ ಆದದ್ದು ಮನುಷ್ಯನಿಗೂ ಆಗುತ್ತದೆ ಎಂದು ಅದರಿಂದ ತೀರ್ಮಾನಿಸಲಾಗದು. ಕೋಟ್ಯಂತರ ಸಾಕುಪ್ರಾಣಿಗಳು ಚಿಪ್ ಹೊತ್ತುಕೊಂಡೇ ಬದುಕಿವೆ. ಆರೋಗ್ಯದ ಭಯವನ್ನು ಮುಂದಿಟ್ಟು ಇದನ್ನು ವಿರೋಧಿಸುವುದು ದುರ್ಬಲ ವಾದ ಎಂದು ನಾನು ನಂಬಿದ್ದೇನೆ. ಗಟ್ಟಿಯಾದ ವಾದ ಬೇರೆ ಕಡೆ ಇದೆ.

ಯಾರು ಹಾಕಿಸಿಕೊಂಡರು, ಏನಾಯಿತು

ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆವಿನ್ ವಾರ್ವಿಕ್ 1998ರ ಆಗಸ್ಟ್ 24ರಂದು ತಮ್ಮ ತೋಳಿನಲ್ಲಿ ಚಿಪ್ ಹಾಕಿಸಿಕೊಂಡರು. ಅವರು ನಡೆದು ಬಂದರೆ ವಿಭಾಗದ ಬಾಗಿಲು ತೆರೆಯುತ್ತಿತ್ತು, ದೀಪ ಹೊತ್ತಿಕೊಳ್ಳುತ್ತಿತ್ತು, ಕಂಪ್ಯೂಟರ್ ನಮಸ್ಕಾರ ಹೇಳುತ್ತಿತ್ತು. 9 ದಿನಗಳ ನಂತರ ಅದನ್ನು ತೆಗೆಸಿದರು. ಅದು ಸಂಶೋಧನೆ, ಯಾರಿಗೂ ಏನನ್ನೂ ಮಾರುವ ಉದ್ದೇಶ ಇರಲಿಲ್ಲ.

ಮಾರಾಟಕ್ಕೆ ಇಳಿದದ್ದು ವೆರಿಚಿಪ್. ಅದರೊಳಗಿದ್ದದ್ದು 16 ಅಂಕಿಗಳ ಒಂದು ಸಂಖ್ಯೆ. ಪ್ರಜ್ಞೆ ತಪ್ಪಿದ ರೋಗಿಯ ತೋಳನ್ನು ಆಸ್ಪತ್ರೆಯವರು ಸ್ಕ್ಯಾನ್ ಮಾಡಿದರೆ ಆ ಸಂಖ್ಯೆಯ ಮೂಲಕ ಅವರ ವೈದ್ಯಕೀಯ ದಾಖಲೆ ಸಿಗಬೇಕು ಎಂಬುದು ಯೋಜನೆ. 2004ರಲ್ಲೇ ಬಾರ್ಸಿಲೋನಾದ ಬಾಹಾ ಬೀಚ್ ಕ್ಲಬ್ ಇದೇ ಚಿಪ್ಪನ್ನು ತನ್ನ ವಿಶೇಷ ಗಿರಾಕಿಗಳಿಗೆ ಹಾಕಿಸಿತು, ಈಜುಡುಗೆಯಲ್ಲಿ ಬರುವವರಿಗೆ ಪರ್ಸಿನ ಗೊಡವೆ ಇರಬಾರದೆಂದು. ಆದರೆ ಆಸ್ಪತ್ರೆಗಳು ರೀಡರ್ ಕೊಂಡರೆ ಮಾತ್ರ ರೋಗಿಗೆ ಉಪಯೋಗ, ರೋಗಿಗಳು ಚಿಪ್ ಹಾಕಿಸಿದರೆ ಮಾತ್ರ ಆಸ್ಪತ್ರೆಗೆ ಆಸಕ್ತಿ. ಈ ಗಂಟು ಬಿಡಿಸಲಾಗದೆ 2010ರಲ್ಲಿ ವೆರಿಚಿಪ್ ಮಾರಾಟ ನಿಂತಿತು. ಅದಕ್ಕೂ ಮೊದಲು, 2007ರಲ್ಲಿ ಫ್ಲಾರಿಡಾದಲ್ಲಿ ಮರೆವಿನ ಕಾಯಿಲೆಯ ವೃದ್ಧರಿಗೆ ಇದನ್ನು ಹಾಕಿಸುವ ಯೋಜನೆ ಬಂದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು. ಯಾರಿಗೆ ಚಿಪ್‌ನಿಂದ ಹೆಚ್ಚು ಉಪಯೋಗವಾಗಬಹುದೋ ಅವರೇ ತಿಳಿದು ಒಪ್ಪಿಗೆ ಕೊಡಲಾರದ ಸ್ಥಿತಿಯಲ್ಲಿದ್ದರು. ಈ ತೊಡಕು ಇಂದಿಗೂ ಬಗೆಹರಿದಿಲ್ಲ.

ಎರಡನೆಯ ಅಲೆ ಸ್ವೀಡನ್ನಿನದು. ನಗದು ಬಹುತೇಕ ಮಾಯವಾದ, ಸರ್ಕಾರವನ್ನು ಜನ ನಂಬುವ ದೇಶ ಅದು. 2015ರ ಹೊತ್ತಿಗೆ ಸ್ಟಾಕ್‌ಹೋಮಿನ ಎಪಿಸೆಂಟರ್ ಎಂಬ ಕಚೇರಿ ಸಂಕೀರ್ಣದಲ್ಲಿ ಜನ ತಾವಾಗಿ ಚಿಪ್ ಹಾಕಿಸಿಕೊಳ್ಳತೊಡಗಿದರು. ಕೆಲವು ಸಾವಿರ ಮಂದಿ ಹೀಗೆ ಮಾಡಿದ್ದಾರೆ. 2017ರಲ್ಲಿ ಅಲ್ಲಿನ ರೈಲು ಸಂಸ್ಥೆ ಎಸ್‌ಜೆ ಚಿಪ್ಪನ್ನೇ ಟಿಕೆಟ್ಟಾಗಿ ಒಪ್ಪಿತು. ಆರಂಭದಲ್ಲಿ ಕಂಡಕ್ಟರ್ ಕೈ ಸ್ಕ್ಯಾನ್ ಮಾಡಿದಾಗ ಕೆಲವರ ಟಿಕೆಟ್ ಬದಲು ಅವರ ಲಿಂಕ್ಡ್‌ಇನ್ ಪುಟ ಕಾಣಿಸಿದ ಪ್ರಸಂಗಗಳೂ ವರದಿಯಾದವು. ಒಂದು ಕೆಲಸಕ್ಕೆ ಹಾಕಿಸಿಕೊಂಡ ಚಿಪ್ ಇನ್ನೊಂದು ಕೆಲಸದವರಿಗೂ ಎಲ್ಲವನ್ನೂ ತೋರಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ. ಅದೇ 2017ರ ಆಗಸ್ಟ್ 1ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಥ್ರೀ ಸ್ಕ್ವೇರ್ ಮಾರ್ಕೆಟ್ ಕಂಪನಿಯ ಸುಮಾರು 50 ನೌಕರರು ಕೈಗೆ ಚಿಪ್ ಹಾಕಿಸಿಕೊಂಡರು. ಬಾಗಿಲು ತೆರೆಯಲು, ಕಂಪ್ಯೂಟರಿಗೆ ಲಾಗಿನ್ ಆಗಲು, ಕಚೇರಿಯ ತಿಂಡಿ ಅಂಗಡಿಯಲ್ಲಿ ದುಡ್ಡು ಕಟ್ಟಲು ಅದು. ಯಾರಿಗೂ ಕಡ್ಡಾಯ ಮಾಡಿರಲಿಲ್ಲ.

ದುಡ್ಡು ಕಟ್ಟುವುದು ಹೇಗೆ

ಬಾಗಿಲು ತೆರೆಯುವ ಚಿಪ್ಪಿಗೂ ದುಡ್ಡು ಕಟ್ಟುವ ಚಿಪ್ಪಿಗೂ ಅಜಗಜಾಂತರ ಇದೆ. ಬಾಗಿಲಿಗೆ ಸಂಖ್ಯೆ ಹೇಳಿದರೆ ಸಾಕು. ಬ್ಯಾಂಕಿಗೆ ಅಷ್ಟು ಸಾಲದು, ಯಾಕೆಂದರೆ ಒಮ್ಮೆ ಕೇಳಿಸಿಕೊಂಡ ಸಂಖ್ಯೆಯನ್ನು ಕಳ್ಳನೂ ಹೇಳಬಹುದು.

ಅದಕ್ಕಾಗಿ ಡೆಬಿಟ್ ಕಾರ್ಡಿನ ಚಿಪ್‌ನೊಳಗೆ ಬ್ಯಾಂಕ್ ಒಂದು ಗುಪ್ತ ಕೀಲಿಯನ್ನು ಇಟ್ಟಿರುತ್ತದೆ. ಕೀಲಿ ಎಂದೂ ಚಿಪ್‌ನಿಂದ ಹೊರಗೆ ಬರುವುದಿಲ್ಲ. ನೀವು ಟ್ಯಾಪ್ ಮಾಡಿದಾಗ ಅಂಗಡಿಯ ಯಂತ್ರ ಮೊತ್ತವನ್ನೂ ಆ ಕ್ಷಣಕ್ಕೆ ಹುಟ್ಟಿಸಿದ ಒಂದು ಸಂಖ್ಯೆಯನ್ನೂ ಚಿಪ್‌ಗೆ ಕೊಡುತ್ತದೆ. ಚಿಪ್ ಅವುಗಳನ್ನು ತನ್ನ ಕೀಲಿಯೊಂದಿಗೆ ಕಲಸಿ ಒಂದು ಸಂಕೇತ ತಯಾರಿಸಿ ಕೊಡುತ್ತದೆ, ಎಷ್ಟನೆಯ ವಹಿವಾಟು ಎಂಬ ಲೆಕ್ಕವನ್ನೂ ಒಂದು ಹೆಚ್ಚಿಸುತ್ತದೆ. ಬ್ಯಾಂಕಿನಲ್ಲೂ ಅದೇ ಕೀಲಿಯ ಬಲದಿಂದ ಲೆಕ್ಕ ಹಾಕಿ ಎರಡೂ ತಾಳೆಯಾದರೆ ಮಾತ್ರ ಹಣ ಹೋಗುತ್ತದೆ. ಈ ಬಾರಿಯ ಸಂಕೇತ ಮುಂದಿನ ಬಾರಿಗೆ ಕೆಲಸಕ್ಕೆ ಬಾರದು. ಕದ್ದು ಕೇಳಿದವನಿಗೆ ಏನೂ ದಕ್ಕುವುದಿಲ್ಲ.

ಹಾಗಾಗಿ ಖಾಲಿ ಚಿಪ್ ಒಂದನ್ನು ಕೈಗೆ ಹಾಕಿಸಿಕೊಂಡು ಅದಕ್ಕೆ ನಿಮ್ಮ ಕಾರ್ಡನ್ನು ನಕಲು ಮಾಡಿಕೊಳ್ಳಲು ಬರುವುದಿಲ್ಲ. ಕೀಲಿಯನ್ನು ಬ್ಯಾಂಕೇ ಇಡಬೇಕು. ಅದಕ್ಕೇ ಹವ್ಯಾಸಿಗಳು ನಿಜವಾದ ಕಾರ್ಡಿನ ಪ್ಲಾಸ್ಟಿಕ್ಕನ್ನು ಅಸಿಟೋನಿನಲ್ಲಿ ಕರಗಿಸಿ, ಒಳಗಿನ ಚಿಪ್ಪನ್ನು ಹೊರತೆಗೆದು, ಹೊಸ ಆಂಟೆನಾ ಜೋಡಿಸಿ, ದೇಹಕ್ಕೆ ಒಗ್ಗುವ ವಸ್ತುವಿನಲ್ಲಿ ಮುಚ್ಚಿಸಿಕೊಳ್ಳುತ್ತಾರೆ. 2021ರಿಂದ ವಾಲೆಟ್‌ಮೋರ್ ಎಂಬ ಬ್ರಿಟಿಷ್-ಪೋಲಿಷ್ ಕಂಪನಿ ಯುರೋಪಿನಲ್ಲಿ ಇಂಥ ಪಾವತಿ ಚಿಪ್ಪನ್ನು ಸಿದ್ಧವಸ್ತುವಾಗಿಯೇ ಮಾರಿತು. ಅದು ನೇರವಾಗಿ ಬಳಕೆದಾರರ ಬ್ಯಾಂಕಿಗೆ ಸೇರುತ್ತಿರಲಿಲ್ಲ, ಒಂದು ಡಿಜಿಟಲ್ ವಾಲೆಟ್ ಕಂಪನಿಯ ಖಾತೆಗೆ ಸೇರುತ್ತಿತ್ತು.

ಈಗ ನಿಮ್ಮ ಪರ್ಸಿನಲ್ಲಿರುವ ಕಾರ್ಡನ್ನು ಹೊರತೆಗೆದು ನೋಡಿ. ಅದರ ಮೇಲೊಂದು ಮುಕ್ತಾಯದ ತಿಂಗಳು, ವರ್ಷ ಇದೆ. ಚಿಪ್ ಕೈಯೊಳಗಿದ್ದರೂ ಆ ದಿನಾಂಕ ತಪ್ಪುವುದಿಲ್ಲ. ಬ್ಯಾಂಕ್ ಹೊಸ ಕಾರ್ಡು ಅಂಚೆಯಲ್ಲಿ ಕಳಿಸುತ್ತದೆ, ನಾವು ಹಳೆಯದನ್ನು ಕತ್ತರಿಸಿ ಎಸೆಯುತ್ತೇವೆ. ಕೈಯೊಳಗಿನದಕ್ಕೆ ಕತ್ತರಿ ಹಾಕುವುದೆಂದರೆ ಶಸ್ತ್ರಚಿಕಿತ್ಸೆ. ವಾಲೆಟ್ ಕಂಪನಿ ಬಾಗಿಲು ಹಾಕಿದರೂ ಅಷ್ಟೇ. ಗೂಢಲಿಪಿ ಹಳತಾದರೂ ಅಷ್ಟೇ. ಜಗತ್ತಿನ ಅನೇಕ ನಗರಗಳ ಬಸ್ಸು, ಮೆಟ್ರೋ, ಕಚೇರಿ ಬಾಗಿಲುಗಳಲ್ಲಿ ಬಳಕೆಯಲ್ಲಿದ್ದ ಮೈಫೇರ್ ಕ್ಲಾಸಿಕ್ ಎಂಬ ಚಿಪ್‌ನ ಗೂಢಲಿಪಿಯನ್ನು 2008ರಲ್ಲಿ ನೆದರ್‌ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಮುರಿದು ತೋರಿಸಿದರು. ಕಾರ್ಡು ಬದಲಾಯಿಸುವುದು ದುಬಾರಿ, ಆದರೂ ಸಾಧ್ಯ. ಲಕ್ಷಾಂತರ ಕೈಗಳನ್ನು ಕೊಯ್ದು ಬದಲಾಯಿಸಲು ಯಾರು ಮುಂದಾಗುತ್ತಾರೆ?

ಸಿಡ್ನಿಯ ಒಂದು ಪ್ರಕರಣವನ್ನು ಇಲ್ಲಿ ಹೇಳಲೇಬೇಕು. ಅಲ್ಲಿನ ಬಯೋಹ್ಯಾಕರ್ (ತಮ್ಮ ದೇಹದ ಮೇಲೆ ತಾವೇ ತಂತ್ರಜ್ಞಾನ ಪ್ರಯೋಗಿಸುವವರು) ಒಬ್ಬರು 2017ರಲ್ಲಿ ನಗರ ಸಾರಿಗೆಯ ಓಪಲ್ ಕಾರ್ಡಿನ ಚಿಪ್ಪನ್ನು ಕತ್ತರಿಸಿ ತೆಗೆದು ಕೈಯಲ್ಲಿ ಹಾಕಿಸಿಕೊಂಡರು. ಗೇಟು ತೆರೆಯುತ್ತಿತ್ತು, ದುಡ್ಡು ಕಡಿತವಾಗುತ್ತಿತ್ತು. ಆದರೂ ತಪಾಸಣೆಯಲ್ಲಿ ಸಿಕ್ಕಿಬಿದ್ದರು. ಕಾರ್ಡನ್ನು ವಿರೂಪಗೊಳಿಸಬಾರದು ಎಂಬ ನಿಯಮ ಮುಂದಿಟ್ಟು ಸಾರಿಗೆ ಇಲಾಖೆ 2018ರಲ್ಲಿ ಅವರ ಕಾರ್ಡನ್ನೇ ರದ್ದು ಮಾಡಿತು. ನ್ಯಾಯಾಲಯ ದಂಡ ಹಾಕಿತು, ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಯಿತು. ತೀರ್ಪಿನ ಆಚೆಗೆ ನನಗೆ ಕಾಣುವುದು ಇಷ್ಟು: ಚಿಪ್ ಆತನ ರಕ್ತಮಾಂಸದ ನಡುವೆ ಇತ್ತು, ಅದು ಬದುಕಿರಬೇಕೋ ಸಾಯಬೇಕೋ ಎಂದು ತೀರ್ಮಾನಿಸಿದ್ದು ಇಲಾಖೆಯ ಕಂಪ್ಯೂಟರ್.

ಮೂರು ಪ್ರಶ್ನೆಗಳು

ಗುರುತು ಮತ್ತು ಪಾವತಿಯ ಯಾವುದೇ ವ್ಯವಸ್ಥೆ ಮೂರು ಪ್ರಶ್ನೆಗಳನ್ನು ಕೇಳುತ್ತದೆ. ನೀನು ಯಾರು? ನಿಜವಾಗಿಯೂ ನೀನೇನಾ? ಇದಕ್ಕೆ ನಿನ್ನ ಒಪ್ಪಿಗೆ ಇದೆಯಾ?

ಮೊದಲನೆಯದಕ್ಕೆ ಚಿಪ್ ಸಲೀಸಾಗಿ ಉತ್ತರಿಸುತ್ತದೆ. ಎರಡನೆಯದರಲ್ಲಿ ವೆರಿಚಿಪ್ ಸೋತಿತು. ಜೊನಾಥನ್ ವೆಸ್ಟ್‌ಹ್ಯೂಸ್ ಎಂಬ ಎಂಜಿನಿಯರ್ 2006ರಲ್ಲಿ ತಾವೇ ಕಟ್ಟಿದ ಪುಟ್ಟ ಉಪಕರಣದಿಂದ ಅದರ ಸಂಖ್ಯೆಯನ್ನು ಗಾಳಿಯಲ್ಲೇ ಓದಿ, ಹಾಗೆಯೇ ಮರುನುಡಿದು ತೋರಿಸಿದರು. ಸ್ವತಃ ಚಿಪ್ ಹಾಕಿಸಿಕೊಂಡಿದ್ದ ಹಾರ್ವರ್ಡ್‌ನ ವೈದ್ಯ ಜಾನ್ ಹಲಾಮ್ಕಾ ಅವರೊಂದಿಗೆ ಸೇರಿ ಅವರು ಮತ್ತು ಇನ್ನಿಬ್ಬರು ತಜ್ಞರು ಅದೇ ವರ್ಷ ಒಂದು ಪ್ರಬಂಧ ಬರೆದರು. ಅದರ ವಾದ ಮೊದಲ ಓದಿಗೆ ವಿಚಿತ್ರ ಎನಿಸುತ್ತದೆ. ಚಿಪ್ಪನ್ನು ನಕಲು ಮಾಡಲು ಬರುವುದೇ ಒಳ್ಳೆಯದು, ಯಾಕೆಂದರೆ ನಕಲು ಮಾಡಲಾಗದ ಚಿಪ್ ಬೇಕೆಂದರೆ ಕಳ್ಳ ಕೈಗೇ ಕೈಹಾಕುತ್ತಾನೆ. ಆದ್ದರಿಂದ ದೇಹದೊಳಗಿನ ಚಿಪ್ಪನ್ನು ಗುರುತು ಹೇಳಲು ಮಾತ್ರ ಬಳಸಿ, ಬಾಗಿಲಿಗೆ ಬೀಗವಾಗಿ ಬಳಸಬೇಡಿ ಎಂದು ಅವರು ಹೇಳಿದರು. ಇದು ಬರೀ ಊಹೆಯ ಭಯವಾಗಿರಲಿಲ್ಲ. ಹಿಂದಿನ ವರ್ಷವಷ್ಟೇ, 2005ರಲ್ಲಿ, ಮಲೇಷ್ಯಾದಲ್ಲಿ ಬೆರಳಚ್ಚಿನಿಂದ ಚಾಲೂ ಆಗುವ ಕಾರನ್ನು ಕದ್ದವರು ಮಾಲೀಕನ ಬೆರಳಿನ ತುದಿಯನ್ನೇ ಕತ್ತರಿಸಿಕೊಂಡು ಹೋಗಿದ್ದರು.

ಪಾವತಿ ಚಿಪ್ಪು ನಕಲಾಗದು. ಅಂದರೆ ನಕಲಿನ ಕಷ್ಟ ತಪ್ಪಿದ್ದರಿಂದಲೇ ಕಳ್ಳ ಕೈಗೇ ಕೈಹಾಕುವ ಕಷ್ಟ ಬಂದು ನಿಂತಿದೆ.

ಇನ್ನು ಮೂರನೆಯ ಪ್ರಶ್ನೆ, ಒಪ್ಪಿಗೆಯದು. ನನ್ನ ಆಕ್ಷೇಪ ನಿಂತಿರುವುದು ಇದರ ಮೇಲೆ. ಯುಪಿಐನಲ್ಲಿ ದುಡ್ಡು ಕಳಿಸುವಾಗ ಸಾಮಾನ್ಯವಾಗಿ ಫೋನಿನ ಬೀಗ ತೆಗೆಯುತ್ತೇವೆ, ಮೊತ್ತ ನೋಡುತ್ತೇವೆ, ಪಿನ್ ಒತ್ತುತ್ತೇವೆ. ಪಿನ್ ತಲೆಯಲ್ಲಿದೆ, ಮನಸ್ಸು ಮಾಡದೆ ಅದು ಹೊರಬರುವುದಿಲ್ಲ. ಕಾರ್ಡನ್ನು ಪರ್ಸಿನಿಂದ ತೆಗೆಯುವುದೂ ಒಂದು ಬಗೆಯ ಒಪ್ಪಿಗೆಯೇ. ಕೈಯೊಳಗಿನ ಚಿಪ್‌ಗೆ ಒಪ್ಪಿಗೆ ಎಂಬುದೇ ಗೊತ್ತಿಲ್ಲ. ಮಾಲೀಕ ಎಚ್ಚರವಿದ್ದಾನೋ, ನಿದ್ದೆಯಲ್ಲಿದ್ದಾನೋ, ಅಮಲಿನಲ್ಲಿದ್ದಾನೋ, ಬೇರೆಯವರು ಅವನ ಕೈ ಹಿಡಿದು ಯಂತ್ರಕ್ಕೆ ಒತ್ತುತ್ತಿದ್ದಾರೋ, ಅದಕ್ಕೆ ಎಲ್ಲ ಒಂದೇ. ಅದಕ್ಕೆ ಸ್ವಿಚ್ ಇಲ್ಲ. ಖಾತೆಯನ್ನು ಆ್ಯಪ್‌ನಲ್ಲಿ ಸ್ಥಗಿತಗೊಳಿಸಬಹುದು ಎನ್ನುತ್ತಾರೆ, ಅದು ಸರಿ. ಆದರೆ ಖಾತೆ ಸತ್ತ ಮೇಲೂ ಚಿಪ್ ರೀಡರ್ ಸಿಕ್ಕಲ್ಲೆಲ್ಲ ಓಗೊಡುತ್ತಲೇ ಇರುತ್ತದೆ. ಜೊತೆಗೆ, ಸ್ಥಗಿತಗೊಳಿಸಲು ಫೋನು ಬೇಕು ಎಂದಾದರೆ ಫೋನು ಬೇಡ ಎಂಬ ಮೊದಲ ಆಕರ್ಷಣೆಯೇ ಉಳಿಯಲಿಲ್ಲ.

ದೇಹವೇ ಕೀಲಿಯಾದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬೆರಳು ಒತ್ತಿ ಹಣ ತೆಗೆಯಬಹುದು. ಹಳ್ಳಿಯ ಪಿಂಚಣಿದಾರರಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ಆದರೆ 2023ರಲ್ಲಿ ಬೆಂಗಳೂರಿನ ಅನೇಕರ ಖಾತೆಗಳಿಂದ ಅವರಿಗೆ ತಿಳಿಯದೆ ಹಣ ಹೋಯಿತು. ಆಸ್ತಿ ನೋಂದಣಿಯ ಪತ್ರಗಳಲ್ಲಿದ್ದ ಬೆರಳಚ್ಚಿನ ಗುರುತುಗಳೇ ವಂಚಕರ ಕೈಸೇರಿದ್ದವೆಂಬ ಸಂಶಯ ಬಲವಾಗಿತ್ತು. ಪಿನ್ ಸೋರಿದರೆ ಬದಲಿಸಬಹುದು, ಬೆರಳಚ್ಚನ್ನು ಬದಲಿಸಲಾಗದು. ಆಗ ಉಳಿದ ದಾರಿ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಬೀಗ ಹಾಕುವುದು. ಓದುಗರು ಇನ್ನೂ ಹಾಕಿರದಿದ್ದರೆ ಇವತ್ತೇ ಹಾಕಬಹುದು.

ನಮ್ಮಲ್ಲಿಗೆ ಬಂದರೆ

ಅನುಕೂಲದ ದೃಷ್ಟಿಯಿಂದ ನೋಡಿದರೆ ಭಾರತದಲ್ಲಿ ಇದರ ಅಗತ್ಯ ಕಾಣುವುದಿಲ್ಲ. 2016ರಲ್ಲಿ ಶುರುವಾದ ಯುಪಿಐ ಎಳನೀರಿನ ಗಾಡಿಯವರೆಗೂ ಹೋಗಿದೆ, ಒಂದು ಕಾಗದದ ಕ್ಯೂಆರ್ ಸಾಕು. ಟ್ಯಾಪ್ ಮಾಡುವ ಯಂತ್ರ ಅಷ್ಟು ಕಡೆ ಇಲ್ಲ. ಪಿನ್ ಇಲ್ಲದೆ ಟ್ಯಾಪ್ ಮಾಡುವ ಮಿತಿಯನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ 5,000 ರೂಪಾಯಿಗೆ ಏರಿಸಿತು. ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಕೈಯೊಳಗೆ ಚಿಪ್ ಇದ್ದರೂ ಪಿನ್ ಒತ್ತಲೇಬೇಕಾಗುತ್ತದೆ. ಕೈ ತುಂಬ ಸಾಮಾನಿದ್ದಾಗ, ಜಿಮ್ಮಿನಲ್ಲಿ, ಈಜುಕೊಳದಲ್ಲಿ ಪರ್ಸು ತೊಡಕು ಎನ್ನುವವರಿಗೆ ಅದೇ ಎನ್‌ಎಫ್‌ಸಿ ಚಿಪ್ ಇರುವ ಉಂಗುರ, ಕೈಗಡಿಯಾರ ಸಿಗುತ್ತವೆ. ಉಂಗುರವನ್ನು ರಾತ್ರಿ ಬಿಚ್ಚಿಡಬಹುದು.

ಹಾಗಾದರೆ ಯಾರಿಗೂ ಬೇಡವೇ? ಕೈಬೆರಳು ಸರಿಯಾಗಿ ಆಡದವರಿಗೆ, ಕೀಲಿ ತಿರುಗಿಸಲಾಗದವರಿಗೆ ಮನೆಯ ಬಾಗಿಲಷ್ಟೇ ತೆರೆಯುವ ಚಿಪ್ ಸ್ವಾತಂತ್ರ್ಯವನ್ನೇ ಕೊಡಬಹುದು. ವಯಸ್ಕರೊಬ್ಬರು ತಿಳಿದು, ತಮ್ಮ ಇಷ್ಟದಿಂದ, ತಮ್ಮದೇ ಮನೆಯ ಬೀಗಕ್ಕಾಗಿ ಹಾಕಿಸಿಕೊಂಡರೆ ಅದನ್ನು ತಡೆಯುವ ಹಕ್ಕು ನನಗಿಲ್ಲ. ಬೇರೆಯವರ ವ್ಯವಸ್ಥೆಗೆ, ಕಂಪನಿಯ ಹಾಜರಿಗೆ, ಬ್ಯಾಂಕಿನ ಖಾತೆಗೆ, ಸರ್ಕಾರದ ಗುರುತಿಗೆ ಎಂದಾದಾಗ ನನ್ನ ಉತ್ತರ ಬೇಡ ಎಂದೇ.

ಇಷ್ಟವಿದ್ದವರು ಹಾಕಿಸಿಕೊಳ್ಳಲಿ ಎಂಬ ಮಾತು ಎಷ್ಟು ದಿನ ನಿಲ್ಲುತ್ತದೆ ಎಂಬುದಕ್ಕೆ ಫಾಸ್ಟ್ಯಾಗ್ ನೋಡಿ. 2014ರಲ್ಲಿ ಅಹಮದಾಬಾದ್-ಮುಂಬೈ ಹೆದ್ದಾರಿಯಲ್ಲಿ ಅದು ಬಂದದ್ದು ಪ್ರಯೋಗವಾಗಿ. 2021ರ ಫೆಬ್ರವರಿ ನಡುವಿನಿಂದ ಅದಿಲ್ಲದ ಕಾರಿಗೆ ದುಪ್ಪಟ್ಟು ಶುಲ್ಕ ಬಿತ್ತು. ಕಾರಿನ ವಿಷಯದಲ್ಲಿ ಅದು ಸರಿಯೇ ಇರಬಹುದು, ಸಾಲು ಕರಗಿತು. ಆದರೆ ಬೇಡ ಎಂದವರಿಗೆ ಬದುಕು ದುಬಾರಿಯಾಗುವ ಹಾಗೆ ಮಾಡಿ ಒಂದು ವಸ್ತುವನ್ನು ಎಲ್ಲರಿಗೂ ಅಂಟಿಸಲು ಬರುತ್ತದೆ ಎಂದು ಅದು ತೋರಿಸಿತು. ಚಿಪ್ ಇದ್ದ ನೌಕರರಿಗೆ ಬೇಗ ಬಾಗಿಲು, ಇಲ್ಲದವರಿಗೆ ಗೇಟಿನ ಬಳಿ ರಿಜಿಸ್ಟರಿನಲ್ಲಿ ಸಹಿ, ಇಷ್ಟು ಮಾಡಿದರೆ ಸಾಕು.

ಅಮೆರಿಕದ ಹಲವು ರಾಜ್ಯಗಳು ಇದನ್ನು ಮೊದಲೇ ಊಹಿಸಿದವು. ಬಲವಂತದ ಚಿಪ್ಪನ್ನು ನಿಷೇಧಿಸಿದ ಮೊದಲ ರಾಜ್ಯ ವಿಸ್ಕಾನ್ಸಿನ್, 2006ರಲ್ಲಿ. ಉಲ್ಲಂಘಿಸಿದರೆ ದಿನಕ್ಕೆ 10,000 ಡಾಲರ್‌ವರೆಗೆ ದಂಡ. ಹನ್ನೊಂದು ವರ್ಷದ ನಂತರ ಥ್ರೀ ಸ್ಕ್ವೇರ್ ಮಾರ್ಕೆಟ್ ನೌಕರರಿಗೆ ಚಿಪ್ ಹಾಕಿಸಿದ್ದು ಅದೇ ರಾಜ್ಯದಲ್ಲಿ, ಮತ್ತು ಅಲ್ಲಿ ಬೇಡ ಎಂದವರ ಬೆನ್ನಿಗೆ ಕಾನೂನು ಇತ್ತು. ನಾರ್ತ್ ಡಕೋಟ, ಕ್ಯಾಲಿಫೋರ್ನಿಯಾ ನಂತರ ಸೇರಿಕೊಂಡವು.

ನಮಗೆ ಇರುವ ದೊಡ್ಡ ಆಸರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಕೊಟ್ಟ ತೀರ್ಪು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಕುಳಿತು, ಆಧಾರ್ ಅನ್ನು ಪ್ರಶ್ನಿಸಿ ಅವರು ಹೂಡಿದ ಆ ದಾವೆಯಿಂದ ದೇಶದ ಪ್ರತಿಯೊಬ್ಬರಿಗೂ ಒಂದು ರಕ್ಷಣೆ ಸಿಕ್ಕಿತು. ಅದು ನಮ್ಮ ರಾಜ್ಯದ ಹೆಮ್ಮೆ. ಆದರೆ ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು. ಖಾಸಗಿ ಕಂಪನಿಯ ಎದುರು ನಿಲ್ಲಬೇಕಾದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಬಗ್ಗೆ ಗಟ್ಟಿಯಾಗಿ ಮಾತಾಡುತ್ತದೆ, ಆದರೆ ಅದರ 7ನೇ ಸೆಕ್ಷನ್ ಉದ್ಯೋಗದ ಉದ್ದೇಶಗಳಿಗೆ ನೌಕರನ ಒಪ್ಪಿಗೆ ಇಲ್ಲದೆಯೂ ಅವನ ದತ್ತಾಂಶ ಬಳಸಲು ಎಡೆ ಕೊಟ್ಟಿದೆ. ದೇಹದೊಳಗೆ ಚಿಪ್ ಹಾಕಿಸಿಕೊಳ್ಳಲು ಯಾರನ್ನೂ ಒತ್ತಾಯಿಸಬಾರದು, ಹಾಕಿಸಿಕೊಳ್ಳದವರಿಗೆ ಕೆಲಸದಲ್ಲಾಗಲಿ ಸೇವೆಯಲ್ಲಾಗಲಿ ಕಡಿಮೆ ಮಾಡಬಾರದು ಎಂಬ ಎರಡು ಸಾಲಿನ ಕಾನೂನು ನಮಗೆ ಬೇಕು, ಚಿಪ್ ಬರುವ ಮೊದಲು ಬೇಕು.

ಅಲ್ಲಿಯವರೆಗೆ, ಯಾರಾದರೂ ಇಂಥ ಸೌಲಭ್ಯವನ್ನು ಮುಂದಿಟ್ಟರೆ ಬರವಣಿಗೆಯಲ್ಲಿ ಉತ್ತರ ಕೇಳಬೇಕಾದ ಕೆಲವು ಸಂಗತಿಗಳಿವೆ. ಇದೇ ಕೆಲಸವನ್ನು ಕಾರ್ಡು ಅಥವಾ ಉಂಗುರದಿಂದ ಮಾಡಿದರೆ ಏನು ಕೊರತೆ? ಚಿಪ್ ಬರೀ ಸಂಖ್ಯೆ ಹೇಳುತ್ತದೆಯೋ, ಗೂಢಲಿಪಿ ಇದೆಯೋ, ಇದ್ದರೆ ಯಾವುದು? ಓದಿದ ದಾಖಲೆ ಎಲ್ಲಿ ಉಳಿಯುತ್ತದೆ, ಎಷ್ಟು ಕಾಲ, ಯಾರು ನೋಡಬಹುದು? ಎಂಆರ್‌ಐ ಮಾಡಿಸುವಾಗ ವೈದ್ಯರಿಗೆ ತೋರಿಸಲು ಚಿಪ್‌ನ ಪ್ರಮಾಣಪತ್ರ ಕೊಡುತ್ತಾರೆಯೇ? ಕೆಲಸ ಬಿಟ್ಟ ದಿನ, ಖಾತೆ ಮುಚ್ಚಿದ ದಿನ ಅದನ್ನು ತೆಗೆಯುವ ವೈದ್ಯರು ಯಾರು, ಖರ್ಚು ಯಾರದು, ತೆಗೆದ ಚಿಪ್ ಯಾರ ಕೈಗೆ ಹೋಗುತ್ತದೆ?